ಉಳಿದ 9 ಡೋಸು

ಅರಸೀಕೆರೆಯಲ್ಲಿ ರೈಲು ಹತ್ತಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿಬರುವ ಬೇಲೂರು, ಹಳೇಬೀಡು ಕಡೆಯ ಅಕ್ಕಂದಿರೇ, ಒಂದು ಮಾತು. ಟ್ರಿಪಲ್ ನೆಗೆಟಿವ್ ಸ್ತನ ಕ್ಯಾನ್ಸರಿಗೆ ಪೆಂಬ್ರೊಲಿಜುಮಾಬ್ ಇಂಜೆಕ್ಷನ್ ಕೊಡುವ ವಾಡಿಕೆಯ ಕ್ರಮ ಹೀಗೆ: 3 ವಾರಕ್ಕೊಂದರಂತೆ ಆಪರೇಷನ್ನಿಗೆ ಮೊದಲು ಕೀಮೋ ಜೊತೆ 8, ಆಮೇಲೆ 9. ತೆಗೆದ ಭಾಗದಲ್ಲೂ ಕಂಕುಳಿನ ಗಂಟುಗಳಲ್ಲೂ ಕ್ಯಾನ್ಸರ್ ಉಳಿದಿಲ್ಲವೆಂದು ವರದಿ ಬಂದರೆ ಆ 9 ಬೇಕೇ ಬೇಕೇ? ಇದನ್ನೇ ತಿಳಿಯಲು ಅಮೆರಿಕದಲ್ಲಿ ಆಪ್ಟಿಮೈಸ್-ಪಿಸಿಆರ್ ಎಂಬ ಅಧ್ಯಯನ ಶುರುವಾಯಿತು. ಪ್ರಶ್ನೆ ಸಣ್ಣದಲ್ಲ: ಖರ್ಚು ಲಕ್ಷಗಟ್ಟಲೆ (ತೋಟ ಅಡವಿಟ್ಟವರಿಗೆ ಬಿಡಿಸಿ ಹೇಳಬೇಕಿಲ್ಲ), ಈ ಇಂಜೆಕ್ಷನ್ನಿನಿಂದ ಥೈರಾಯ್ಡ್ ಕೆಟ್ಟರೆ ಮಾತ್ರೆ ಹೆಚ್ಚಾಗಿ ಜೀವನಪೂರ್ತಿ. ಆದರೆ ಪಕ್ಕದ ಮನೆಯವರ ಮಾತು ಕೇಳಿ ನೀವೇ ನಿಲ್ಲಿಸಬೇಡಿ. ಆ ವರದಿ ಮುಂದಿಟ್ಟು ಡಾಕ್ಟರನ್ನೇ ಕೇಳಿ. ಸುಸ್ತು, ಭೇದಿ, ಉಬ್ಬಸ ಏನಿದ್ದರೂ ಮುಚ್ಚಿಡದೆ ಹೇಳಿ.