ಕೆ ಜೀವಸತ್ವವೂ ರಕ್ತದ ಹೆಪ್ಪೂ

ಗಾಯವಾದೆಡೆಯಲ್ಲಿ ರಕ್ತವು ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟಿ ನಿಲ್ಲುವುದು ಪ್ರಕೃತಿಯು ನಮಗೆ ಮಾಡಿರುವ ದೊಡ್ಡ ಉಪಕಾರ. ಆದರೆ ಅದೇ ಹೆಪ್ಪು ಹೃದಯದೊಳಗೋ ರಕ್ತನಾಳದೊಳಗೋ ಉಂಟಾದರೆ ಪ್ರಾಣಕ್ಕೇ ಅಪಾಯ. ಆದುದರಿಂದ ಹೃದಯದಲ್ಲಿ ಕೃತಕ ಕವಾಟವನ್ನು ಜೋಡಿಸಿಕೊಂಡವರಿಗೂ ಕಾಲಿನ ಅಭಿಧಮನಿಗಳಲ್ಲಿ ಹೆಪ್ಪುಗಟ್ಟಿದವರಿಗೂ ವೈದ್ಯರು ಹೆಪ್ಪುರೋಧಕ ಔಷಧವನ್ನು ಕೊಡುತ್ತಾರೆ. ನಮ್ಮ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಗೂ ಜಯದೇವ ಹೃದ್ರೋಗ ಆಸ್ಪತ್ರೆಗೂ ಬಂದು ಹೋಗುವವರಲ್ಲಿ ಇಂಥ ರೋಗಿಗಳುಂಟು. ಇವರು ‘ಶಕ್ತಿ ಬರಲಿ’ ಎಂದು ಅಂಗಡಿಯಿಂದ ವಿಟಮಿನ್ ಗುಳಿಗೆಗಳನ್ನು ತಂದು ನುಂಗಬಹುದೇ? ಈ ಪ್ರಶ್ನೆಯನ್ನು ಇಲ್ಲಿ ವಿವೇಚಿಸೋಣ.

ಈ ಔಷಧಕ್ಕೆ ಜನರು ‘ರಕ್ತ ತೆಳುಮಾಡುವ ಮಾತ್ರೆ’ ಎಂದು ಹೆಸರಿಟ್ಟಿದ್ದಾರೆ. ಭೌತಶಾಸ್ತ್ರದ ದೃಷ್ಟಿಯಿಂದ ಇದು ಸರಿಯಾದ ಹೆಸರಲ್ಲ. ದ್ರವವೊಂದು ಹರಿಯುವಾಗ ತೋರುವ ಒಳಘರ್ಷಣೆಗೆ ಸ್ನಿಗ್ಧತೆಯೆಂದು ಹೆಸರು. ಔಷಧವು ರಕ್ತದ ಸ್ನಿಗ್ಧತೆಯನ್ನು ಕಡಮೆ ಮಾಡುವುದಿಲ್ಲ. ಹೆಪ್ಪುಗಟ್ಟುವ ಕ್ರಿಯೆಯನ್ನು ತಡಮಾಡುತ್ತದೆ, ಅಷ್ಟೆ.

ಅದು ಹೇಗೆಂಬುದಕ್ಕೆ ಎರಡು ಸಂಶೋಧನೆಗಳ ಕಥೆಯನ್ನು ತಿಳಿಯಬೇಕು. ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಎಂಬ ವಿಜ್ಞಾನಿಯು ಕೊಬ್ಬಿಲ್ಲದ ಆಹಾರವನ್ನು ತಿಂದ ಕೋಳಿಮರಿಗಳಲ್ಲಿ ರಕ್ತಸ್ರಾವವಾಗುವುದನ್ನು ಕಂಡನು. ಆ ಆಹಾರದಲ್ಲಿ ಕೊರತೆಯಾಗಿದ್ದ ವಸ್ತುವಿಗೆ ೧೯೩೫ರಲ್ಲಿ ಕೆ ಜೀವಸತ್ವವೆಂದು ಹೆಸರಾಯಿತು. ಹೆಪ್ಪುಗಟ್ಟುವಿಕೆಗೆ ಅವನ ಭಾಷೆಯಲ್ಲಿರುವ ‘ಕೋಆಗ್ಯುಲೇಷನ್’ ಎಂಬ ಪದದ ಮೊದಲಕ್ಷರವೇ ಈ ಕೆ. ೧೯೩೩ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ರೈತನೊಬ್ಬನು, ಕೆಟ್ಟ ಒಣಮೇವನ್ನು ತಿಂದು ಸತ್ತ ಹಸುವಿನ ಹೆಪ್ಪುಗಟ್ಟದ ರಕ್ತವನ್ನು ಹಾಲಿನ ಪಾತ್ರೆಯಲ್ಲಿ ವಿಶ್ವವಿದ್ಯಾನಿಲಯಕ್ಕೆ ತಂದನು. ಅಲ್ಲಿನ ಕಾರ್ಲ್ ಪಾಲ್ ಲಿಂಕ್ ಮತ್ತು ಅವನ ಸಂಗಡಿಗರು ಆ ಮೇವಿನಲ್ಲಿದ್ದ ವಿಷವಸ್ತುವನ್ನು ಬೇರ್ಪಡಿಸಿದರು. ಅದರ ಜಾತಿಯದೇ ಆದ ವಾರ್ಫರಿನ್ ಮೊದಲು ಇಲಿಪಾಷಾಣವಾಗಿ ಮಾರಾಟವಾಗಿ, ೧೯೫೪ರಲ್ಲಿ ಮನುಷ್ಯರ ಔಷಧವಾಯಿತು.

ಹೆಪ್ಪಿಗೆ ಬೇಕಾದ ನಾಲ್ಕು ಮುಖ್ಯ ಪ್ರೋಟೀನುಗಳನ್ನು ಯಕೃತ್ತು ಸಿದ್ಧಗೊಳಿಸುವಾಗ ಕೆ ಜೀವಸತ್ವವು ಖರ್ಚಾಗುತ್ತದೆ. ಖರ್ಚಾದುದನ್ನು ಒಂದು ಕಿಣ್ವವು ಮತ್ತೆ ಬಳಕೆಗೆ ಒದಗಿಸುತ್ತದೆ. ವಾರ್ಫರಿನ್, ಅಸಿನೋಕೌಮರಾಲ್ ಎಂಬ ಔಷಧಗಳು ಈ ಕಿಣ್ವವನ್ನೇ ತಡೆಯುತ್ತವೆ. ಹೀಗಿರುವಾಗ ಹೊರಗಿನಿಂದ ಕೆ ಜೀವಸತ್ವ ಹೆಚ್ಚಾಗಿ ಬಂದರೆ ಔಷಧದ ಪ್ರಭಾವ ಕುಗ್ಗುವುದು ಸಹಜ.

ಈ ಪ್ರಭಾವವನ್ನು ಅಳೆಯುವ ಮಾನವೂ ಉಂಟು. ಆರೋಗ್ಯವಂತನ ರಕ್ತದ ಪ್ಲಾಸ್ಮವು ಪರೀಕ್ಷೆಯಲ್ಲಿ ೧೨ ಸೆಕೆಂಡುಗಳಲ್ಲಿ ಹೆಪ್ಪುಗಟ್ಟಿ, ರೋಗಿಯದು ೩೦ ಸೆಕೆಂಡುಗಳನ್ನು ತೆಗೆದುಕೊಂಡರೆ ಇವುಗಳ ಪ್ರಮಾಣ ೨.೫. ಪರೀಕ್ಷಾದ್ರವ್ಯಗಳ ವ್ಯತ್ಯಾಸಕ್ಕಾಗಿ ಇದನ್ನು ತಿದ್ದಿದ ಮೇಲೆ ಬರುವ ಸಂಖ್ಯೆಯೇ ಐ.ಎನ್.ಆರ್. ಔಷಧ ಸೇವಿಸದವರಲ್ಲಿ ಇದು ಸುಮಾರು ೧. ಅನೇಕ ರೋಗಿಗಳಲ್ಲಿ ಇದನ್ನು ೨ರಿಂದ ೩ರೊಳಗೆ ಇರಿಸುತ್ತಾರೆ. ತೀರ ಇಳಿದರೆ ಕವಾಟದ ಮೇಲೆ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿಯಬಹುದು. ತೀರ ಏರಿದರೆ ಮೆದುಳಿನಲ್ಲಿ ರಕ್ತಸ್ರಾವವಾಗಬಹುದು.

ಹಾಗಾದರೆ ದೇವರಾಜ ಮಾರುಕಟ್ಟೆಯ ಸೊಪ್ಪಿನ ಕಡೆಗೆ ಹೋಗಲೇ ಬಾರದೇ? ಹಾಗೇನೂ ಇಲ್ಲ. ದಂಟು, ಪಾಲಕ್, ನುಗ್ಗೆ ಮೊದಲಾದ ಸೊಪ್ಪುಗಳಲ್ಲಿ ಕೆ ಹೇರಳವಾಗಿರುವುದು ನಿಜ. ಆದರೆ ಬೇಕಾದುದು ವರ್ಜನೆಯಲ್ಲ, ಸ್ಥಿರತೆ. ಕನ್ನಂಬಾಡಿ ಕಟ್ಟೆಗೆ ಬರುವ ಒಳಹರಿವು ಒಂದೇ ಸಮನಾಗಿದ್ದರೆ ತೂಬುಗಳನ್ನು ಅದಕ್ಕೆ ತಕ್ಕಂತೆ ತೆರೆದಿಟ್ಟು ನೀರಿನ ಮಟ್ಟವನ್ನು ಕಾಯ್ದುಕೊಳ್ಳಬಹುದು. ಒಳಹರಿವು ದಿನಕ್ಕೊಂದು ತೆರನಾದರೆ ಮಟ್ಟ ನಿಲ್ಲದು. ವೈದ್ಯರು ರೋಗಿಯ ವಾಡಿಕೆಯ ಊಟವನ್ನು ಅನುಸರಿಸಿಯೇ ಔಷಧದ ಪ್ರಮಾಣವನ್ನು ಗೊತ್ತುಮಾಡಿರುತ್ತಾರೆ. ವಾರವೆಲ್ಲ ಬಸ್ಸಾರು ಉಂಡು, ಮರುವಾರ ಸೊಪ್ಪನ್ನೇ ಮುಟ್ಟದಿರುವುದು ಸಲ್ಲದು.

ಗುಳಿಗೆಗಳಿಗೂ ಇದೇ ನಿಯಮ. ಬಹುಜೀವಸತ್ವದ ಕೆಲವು ಗುಳಿಗೆಗಳಲ್ಲಿ ಕೆ ಇದೆ, ಕೆಲವುಗಳಲ್ಲಿ ಇಲ್ಲ. ಮೂಳೆಯ ಬಲಕ್ಕೆಂದು ಮಾರುವ ಕೆಲವು ಕ್ಯಾಲ್ಸಿಯಂ ಗುಳಿಗೆಗಳಲ್ಲಿಯೂ ಅದು ಸೇರಿರುತ್ತದೆ. ಪೊಟ್ಟಣದ ಮೇಲೆ ‘ಮೆನಾಕ್ವಿನೋನ್’ ಎಂದಿದ್ದರೆ ಅದು ಕೆ ಎಂದೇ ತಿಳಿಯಬೇಕು. ಇ ಜೀವಸತ್ವದ್ದು ಇದಕ್ಕೆ ವಿರುದ್ಧವಾದ ದಾರಿ: ೪೦೦ ಮಿಲಿಗ್ರಾಮಿನಂಥ ದೊಡ್ಡ ಪ್ರಮಾಣದಲ್ಲಿ ಅದು ರಕ್ತಸ್ರಾವದ ಸಂಭವವನ್ನು ಹೆಚ್ಚಿಸಬಲ್ಲುದು. ಅಪಿಕ್ಸಾಬಾನ್, ಡಾಬಿಗಾಟ್ರಾನ್ ಮುಂತಾದ ಹೊಸ ಔಷಧಗಳು ಕೆ ಜೀವಸತ್ವದ ದಾರಿಯಲ್ಲಿ ಕೆಲಸಮಾಡುವುದಿಲ್ಲ. ಆದರೂ ರಕ್ತಸ್ರಾವದ ಎಚ್ಚರಿಕೆ ಅಲ್ಲಿಯೂ ಬೇಕು.

ವಿದ್ಯಾರ್ಥಿಮಿತ್ರರ ಮನೆಗಳಲ್ಲಿ ಈ ಔಷಧವನ್ನು ಸೇವಿಸುವ ಹಿರಿಯರಿದ್ದರೆ ಮೂರು ಮಾತುಗಳನ್ನು ನೆನಪಿನಲ್ಲಿಡಬೇಕು. ಯಾವ ಗುಳಿಗೆಯನ್ನಾದರೂ ತೊಡಗುವ ಮುನ್ನ ಅದರ ಪೊಟ್ಟಣವನ್ನು ವೈದ್ಯರಿಗೆ ತೋರಿಸಬೇಕು. ಈಗಾಗಲೇ ಸೇವಿಸುತ್ತಿರುವ ಗುಳಿಗೆಯನ್ನೂ, ಮುಖ್ಯವಾಗಿ ಹೆಪ್ಪುರೋಧಕವನ್ನೂ, ತಾವಾಗಿ ನಿಲ್ಲಿಸಬಾರದು. ಬದಲಾವಣೆ ಆದಾಗ ವೈದ್ಯರು ಹೇಳಿದ ದಿನ ಐ.ಎನ್.ಆರ್. ಪರೀಕ್ಷೆ ಆಗಲೇಬೇಕು. ಮಲ ಕಪ್ಪಾದರೆ, ಮೂತ್ರದಲ್ಲಿ ರಕ್ತ ಕಂಡರೆ, ತಲೆಗೆ ಪೆಟ್ಟು ಬಿದ್ದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಒಡನೆಯೇ ಆಸ್ಪತ್ರೆಗೆ ಕರೆದೊಯ್ಯಬೇಕು. ಗ್ರಾಮಿನ ಹತ್ತು ಲಕ್ಷದ ಒಂದು ಭಾಗದ ಲೆಕ್ಕದಲ್ಲಿ ಅಳೆಯುವ ವಸ್ತುವೂ ಈ ತಕ್ಕಡಿಯನ್ನು ವಾಲಿಸಬಲ್ಲುದು ಎಂಬ ಅರಿವೇ ಇಲ್ಲಿ ಮೊದಲ ರಕ್ಷಣೆ.