ಹಿಮಯುಗಗಳ ಕಾರಣವೇನು?

ದೀಪದ ಸುತ್ತಲೂ ಗೋಲವನ್ನು ತಿರುಗಿಸಿ ಋತುಗಳ ಕಾರಣವನ್ನು ಕಲಿತದ್ದು ನಮ್ಮ ಹಳೆಯ ವಿದ್ಯಾರ್ಥಿನಿಯರ ನೆನಪಿನಲ್ಲಿರಬಹುದು. ಅದೇ ದೀಪವನ್ನೂ ಗೋಲವನ್ನೂ ಮುಂದಿಟ್ಟುಕೊಂಡು ಇನ್ನೊಂದು ದೊಡ್ಡ ಪ್ರಶ್ನೆಯನ್ನು ವಿಚಾರಿಸುವೆವು. ಸುಮಾರು 20,000 ವರ್ಷಗಳ ಹಿಂದೆ ಉತ್ತರ ಯುರೋಪವೂ ಕೆನಡ ದೇಶವೂ ಬೆಟ್ಟದಷ್ಟು ದಪ್ಪವಾದ ಹಿಮದ ಕೆಳಗೆ ಹುದುಗಿದ್ದುವು. ಆ ಹಿಮವು ಬಂದದ್ದೇಕೆ? ಕರಗಿಹೋದದ್ದೇಕೆ?

ಕಾರಣವನ್ನು ಆಕಾಶದಲ್ಲಿ ಹುಡುಕಿದವರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಕ್ರಾಲನು ಮುಖ್ಯನು. ಗ್ಲಾಸ್ಗೋ ನಗರದ ಕಾಲೇಜೊಂದರಲ್ಲಿ ಜವಾನನಾಗಿದ್ದ ಇವನು ತಾನಾಗಿಯೇ ಓದಿ ಕಲಿತು, ಭೂಮಿಯ ಕಕ್ಷೆಯು ಬದಲಾಗುವದರಿಂದ ಹಿಮಯುಗಗಳುಂಟಾಗುವವೆಂದು 1864ರಲ್ಲಿ ಬರೆದನು. ಚಳಿಗಾಲದ ಚಳಿಯೇ ಮುಖ್ಯವೆಂದೆಣಿಸಿದ್ದು ಅವನ ತಪ್ಪು. ಬೇಸಿಗೆಯು ತಂಪಾದರೆ ಹಿಂದಿನ ಹಿಮವು ಕರಗದೆ ವರುಷ ವರುಷ ಕೂಡುತ್ತಾ ಹೋಗುವದಷ್ಟೆ. ಇದನ್ನೇ ಆಧಾರಮಾಡಿಕೊಂಡು ಸೆರ್ಬಿಯದ ಮಿಲಾಂಕೋವಿಚನು ವರ್ಷಗಟ್ಟಲೆ ಕೈಯಿಂದಲೇ ಲೆಕ್ಕಹಾಕಿ 1941ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಭೂಮಿಯ ಅಕ್ಷದ ಓರೆಯು 41,000 ವರ್ಷಗಳಿಗೊಮ್ಮೆ ಹೆಚ್ಚಿ ತಗ್ಗುವದು. ಅಕ್ಷವು ಬುಗುರಿಯಂತೆ ಓಲಾಡುವದೂ ಉಂಟು.

ಮತ್ತೊಂದು ಪಕ್ಷದವರು ಗಾಳಿಯನ್ನು ನೋಡಿದರು. 1856ರಲ್ಲಿ ಯೂನಿಸ್ ಫುಟ್ ಎಂಬ ಅಮೇರಿಕದ ಸ್ತ್ರೀಯು ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ವಾಯುಗಳನ್ನು ತುಂಬಿ ಬಿಸಿಲಿಗಿಡಲು, ಇಂಗಾಲಾಮ್ಲ ವಾಯುವೇ ಎಲ್ಲಕ್ಕಿಂತ ಹೆಚ್ಚು ಬಿಸಿಯಾಗಿ ತಡವಾಗಿ ಆರಿತು. ಆಕೆಯ ಲೇಖವನ್ನು ಸಭೆಯಲ್ಲಿ ಓದಿದವನು ಒಬ್ಬ ಪುರುಷನು. ಆಕೆಯ ಹೆಸರಾದರೋ ನೂರೈವತ್ತು ವರ್ಷ ಮರೆತುಹೋಗಿತ್ತು! ಈ ವಾಯುವು ಅರ್ಧವಾದರೆ ಭೂಮಿಯು ನಾಲ್ಕೈದು ಡಿಗ್ರಿ ತಣ್ಣಗಾಗುವದೆಂದು ಸ್ವೀಡನಿನ ಅರೇನಿಯಸನು 1896ರಲ್ಲಿ ಗಣಿಸಿದನು.

ಯಾರು ಸರಿ? 1976ರಲ್ಲಿ ಸಮುದ್ರತಳದ ಕೆಸರನ್ನು ಪರೀಕ್ಷಿಸಿದವರಿಗೆ ಮಿಲಾಂಕೋವಿಚನ ಕಾಲಾವಧಿಗಳೇ ಅದರಲ್ಲಿ ದೊರೆತವು. ಆದರೆ ಉತ್ತರದ ಬೇಸಿಗೆಯು ತಂಪಾದಾಗ ದಕ್ಷಿಣ ಗೋಲವೂ ತಣ್ಣಗಾದದ್ದು ಹೇಗೆ? ಅಂಟಾರ್ಟಿಕದ ಹಿಮದಲ್ಲಿ ಸಿಕ್ಕಿಕೊಂಡಿದ್ದ ಗಾಳಿಗುಳ್ಳೆಗಳು ಉತ್ತರ ಕೊಟ್ಟವು. ಹಿಮಯುಗದಲ್ಲಿ ಗಾಳಿಯ ಹತ್ತು ಲಕ್ಷ ಪಾಲುಗಳಲ್ಲಿ ಇಂಗಾಲಾಮ್ಲವು ಸುಮಾರು 180 ಪಾಲು, ಬೆಚ್ಚಗಿನ ಕಾಲದಲ್ಲಿ ಸುಮಾರು 280. ಕಕ್ಷೆಯು ಆರಂಭಿಸಿದ್ದನ್ನು ಗಾಳಿಯು ಹೆಚ್ಚಿಸಿ ಲೋಕಕ್ಕೆಲ್ಲಾ ಹರಡಿತು.

ಹವೆಯು ಹಿಂದೆಯೂ ಬದಲಾಗಿತ್ತು, ಈಗಿನದೂ ಹಾಗೆಯೇ ಎನ್ನುವವರುಂಟು. ಈಗ ಆ ಪಾಲು 420ನ್ನು ಮೀರಿದೆ. ಕಲ್ಲಿದ್ದಲನ್ನೂ ಎಣ್ಣೆಯನ್ನೂ ಉರಿಸಿದ್ದರಿಂದ ಇನ್ನೂರು ವರ್ಷದೊಳಗಾದ ಈ ಏರಿಕೆಯನ್ನು ಸಾವಿರಾರು ವರ್ಷಗಳಲ್ಲಿ ಓಲಾಡುವ ಅಕ್ಷದ ಮೇಲೆ ಹೊರಿಸಲಾಗದು. ಪಂಡಿತರ ನಿಜವಾದ ವಾದವು ಬೇರೆಡೆಯಲ್ಲಿದೆ: ಮೊದಲು 41,000 ವರ್ಷಗಳಿಗೊಮ್ಮೆ ಬರುತ್ತಿದ್ದ ಹಿಮಯುಗಗಳು ಸುಮಾರು ಹತ್ತು ಲಕ್ಷ ವರ್ಷಗಳ ಹಿಂದಿನಿಂದ ಸುಮಾರು ಒಂದು ಲಕ್ಷ ವರ್ಷಗಳಿಗೊಮ್ಮೆ ಬರತೊಡಗಿದ್ದೇಕೆ ಎಂಬದು ಇನ್ನೂ ತೀರ್ಮಾನವಾಗಿಲ್ಲ.