ಹೊರೆಕಾಣಿಕೆಯ ನಾಡಿನಲ್ಲಿ ವಾರದ ಎರಡು ಗಂಟೆ

ಕಾಸರಗೋಡು ಪಟ್ಟಣದಿಂದ ಸುಮಾರು 8 ಕಿಲೋಮೀಟರ್ ದೂರದಲ್ಲಿ, ಮಧುವಾಹಿನಿ ಹೊಳೆಯ ದಡದಲ್ಲಿರುವ ಗ್ರಾಮ ಮಧೂರು. 2025ರ ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ ಇಲ್ಲಿನ ಶ್ರೀ ಮದನಂತೇಶ್ವರ ಸಿದ್ಧಿವಿನಾಯಕ ದೇವಸ್ಥಾನದಲ್ಲಿ ಬ್ರಹ್ಮಕಲಶೋತ್ಸವವೂ ಮೂಡಪ್ಪ ಸೇವೆಯೂ ಜರಗಿದವು. ಮಹಾಗಣಪತಿಯ ಮೂರ್ತಿಯನ್ನು ಅಪ್ಪಗಳಿಂದ ಮುಚ್ಚುವ ಈ ಮಹಾಸೇವೆ 1992ರ ಬಳಿಕ ಮತ್ತೆ ನಡೆದದ್ದು ಆಗಲೇ. ಇಂತಹ ಉತ್ಸವಗಳು ಕೂಲಿಯ ಬಲದಿಂದ ನಡೆಯುವಂಥವಲ್ಲ. ಚಪ್ಪರದ ಕಂಬ ನೆಡುವುದರಿಂದ ಊಟದ ಎಲೆ ತೆಗೆಯುವವರೆಗಿನ ಕೆಲಸಗಳಲ್ಲಿ ಬಹುಪಾಲನ್ನು ಊರವರೇ ಹೊರುತ್ತಾರೆ. ಮಂಗಳೂರು, ಬೆಂಗಳೂರುಗಳಲ್ಲಿ ಉದ್ಯೋಗದಲ್ಲಿರುವ ಯುವಕ ಯುವತಿಯರು ರಜೆ ಹಾಕಿ ಊರಿಗೆ ಬಂದು ದುಡಿಯುವುದು ಈ ಪ್ರದೇಶದ ವಾಡಿಕೆ.

ಉತ್ಸವ ಮುಗಿದ ಮೇಲೆ ಉಳಿಯುವ ಪ್ರಶ್ನೆಯೊಂದಿದೆ. ಹಾಸಿಗೆ ಹಿಡಿದ ವೃದ್ಧರ ಮನೆಗೆ, ಪಾಠದಲ್ಲಿ ಹಿಂದುಳಿದ ಮಗುವಿನ ಬಳಿಗೆ, ಪಿಂಚಣಿಯ ಅರ್ಜಿ ತುಂಬಲಾರದೆ ಕುಳಿತ ಅಜ್ಜಿಯ ಜಗಲಿಗೆ ಇದೇ ಯುವಜನರು ಏಕೆ ಬರುವುದಿಲ್ಲ? ಅವರಲ್ಲಿ ಮನಸ್ಸಿಲ್ಲ ಎನ್ನುವ ಉತ್ತರವನ್ನು ಉತ್ಸವವೇ ಸುಳ್ಳಾಗಿಸಿದೆ. ಹಾಗಾದರೆ ಕೊರತೆ ಸೇವೆಯನ್ನು ಸಂಘಟಿಸುವ ಕ್ರಮದಲ್ಲಿರಬೇಕು. ಆ ಕ್ರಮವನ್ನು ಹೊರಗಿನಿಂದ ತರಬೇಕಾಗಿಲ್ಲ. ಊರಿನ ನುಡಿಯಲ್ಲಿಯೂ ನಡೆಯಲ್ಲಿಯೂ ಅದು ಆಗಲೇ ಇದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪದಗಳು ಹೇಳುವ ಪಾಠ

'ಸ್ವಯಂಸೇವೆ' ಎಂಬ ಸಂಸ್ಕೃತ ಪದ ಬಳಕೆಗೆ ಬರುವ ಮೊದಲೇ ಈ ನಾಡಿನಲ್ಲಿ ಅದರ ಅರ್ಥವನ್ನು ಹೊತ್ತ ಪದಗಳಿದ್ದವು. 'ಹೊರೆಕಾಣಿಕೆ' ಅವುಗಳಲ್ಲೊಂದು. ಹೊರೆ ಎಂದರೆ ಹೊರುವ ಭಾರ. ಕಾಣಿಕೆ ಎಂದರೆ ಭಕ್ತಿಯಿಂದ ಒಪ್ಪಿಸುವ ವಸ್ತು. ಅಕ್ಕಿ, ತೆಂಗಿನಕಾಯಿ, ಬಾಳೆಗೊನೆ, ತರಕಾರಿ ಹೀಗೆ ತಮ್ಮ ಹಿತ್ತಿಲಲ್ಲಿ ಬೆಳೆದುದನ್ನು ಊರೂರಿನವರು ಮೆರವಣಿಗೆಯಲ್ಲಿ ತಂದೊಪ್ಪಿಸುವುದು ಹೊರೆಕಾಣಿಕೆ. ಇದರಲ್ಲಿ ಸಿರಿವಂತನ ಗೋಣಿಗೂ ಬಡವನ ಒಂದು ಕುಂಬಳಕಾಯಿಗೂ ಒಂದೇ ಉಗ್ರಾಣ. ಕೊಡುವವನು ತನ್ನಲ್ಲಿ ಇರುವುದನ್ನು ಕೊಡುತ್ತಾನೆ, ಇಲ್ಲದ್ದನ್ನು ಕೊಂಡು ತರುವ ಅಗತ್ಯವಿಲ್ಲ ಎಂಬುದು ಇದರ ತಿರುಳು.

ಎರಡನೆಯ ಪದ 'ಸುದರಿಕೆ'. ಮದುವೆ, ಪೂಜೆ, ಜಾತ್ರೆಗಳಲ್ಲಿ ಅತಿಥಿಗಳನ್ನು ನೋಡಿಕೊಂಡು, ಬಡಿಸಿ, ಎಲ್ಲವೂ ಸಾಂಗವಾಗಿ ನಡೆಯುವಂತೆ ಓಡಾಡುವ ಕೆಲಸಕ್ಕೆ ಈ ಹೆಸರು. ಸುದರಿಕೆಗೆ ನಿಂತವನಿಗೆ ವೇತನವಿಲ್ಲ. ಆದರೆ ಅವನು ಕೇವಲ ಕೈಯಾಳೂ ಅಲ್ಲ. ಆ ಹೊತ್ತಿಗೆ ಅವನು ಆ ಮನೆಯ ಯಜಮಾನನಷ್ಟೇ ಹೊಣೆಗಾರ.

ಈ ಎರಡು ಪದಗಳ ಹಿಂದಿನ ವ್ಯವಸ್ಥೆಯನ್ನು ಬಿಡಿಸಿ ನೋಡಿದರೆ ನಾಲ್ಕು ಗುಣಗಳು ಗೋಚರಿಸುತ್ತವೆ. ಮೊದಲನೆಯದು ಕರೆ: ಹಿರಿಯರೊಬ್ಬರು ಮನೆಗೆ ಬಂದು, ಹೆಸರು ಹಿಡಿದು ಕರೆಯುತ್ತಾರೆ. ಎರಡನೆಯದು ವಿಂಗಡಣೆ: ಪಾಕಶಾಲೆ, ಉಗ್ರಾಣ, ವಾಹನ ನಿಲುಗಡೆ, ಬಡಿಸುವಿಕೆ ಎಂದು ಕೆಲಸ ಹಂಚಿಹೋಗಿರುತ್ತದೆ, ಬಂದವನು 'ಏನು ಮಾಡಲಿ' ಎಂದು ನಿಲ್ಲಬೇಕಾಗಿಲ್ಲ. ಮೂರನೆಯದು ಅವಧಿ: ಕೆಲಸ ಎಂದು ಆರಂಭವಾಗಿ ಎಂದು ಮುಗಿಯುವುದೆಂಬುದು ಮೊದಲೇ ತಿಳಿದಿರುತ್ತದೆ. ನಾಲ್ಕನೆಯದು ಸಹವಾಸ: ಅನುಭವಿಯ ಪಕ್ಕದಲ್ಲಿ ನಿಂತು ಕಿರಿಯನು ಕಲಿಯುತ್ತಾನೆ, ಕೊನೆಗೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ವರ್ಷದ ಉಳಿದ ದಿನಗಳ ಸೇವಾಕಾರ್ಯಗಳಲ್ಲಿ ಸಾಮಾನ್ಯವಾಗಿ ಕಾಣೆಯಾಗಿರುವುದು ಈ ನಾಲ್ಕೇ.

ಕಾಲೇಜಿಗೂ ಉದ್ಯೋಗಕ್ಕೂ ನಡುವೆ

ರಾಷ್ಟ್ರೀಯ ಸೇವಾ ಯೋಜನೆ 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ ಆರಂಭವಾಯಿತು. ಅದರಲ್ಲಿ ಸೇರಿದ ವಿದ್ಯಾರ್ಥಿ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಸಲ್ಲಿಸಬೇಕು. ಹಾರೆ ಹಿಡಿದು ರಸ್ತೆ ಸರಿಪಡಿಸಿದ, ಶಿಬಿರದಲ್ಲಿ ಅಡುಗೆ ಮಾಡಿ ಬಡಿಸಿದ ಕೈಗಳು ಪದವಿಯ ಬಳಿಕ ಒಮ್ಮೆಲೇ ಖಾಲಿಯಾಗುತ್ತವೆ. ಆಗ ಕರೆಯುವ ಅಧ್ಯಾಪಕರಿಲ್ಲ, ಗಂಟೆ ಎಣಿಸುವ ದಾಖಲೆ ಪುಸ್ತಕವಿಲ್ಲ, ಜೊತೆಗಾರರಿಲ್ಲ.

ಉದ್ಯೋಗ ದೊರೆತ ಮೇಲೆ ಸಮಯ ಕುಗ್ಗಿ ಹಣ ಹಿಗ್ಗುತ್ತದೆ. ಆದುದರಿಂದ ಸೇವೆ ಮೊಬೈಲಿನಲ್ಲಿ ಕಳುಹಿಸುವ ಮೊತ್ತವಾಗಿ ರೂಪಾಂತರ ಹೊಂದುತ್ತದೆ. ಹಣದ ನೆರವು ಹಗುರವಾದುದಲ್ಲ. ಶಸ್ತ್ರಚಿಕಿತ್ಸೆಯ ಖರ್ಚಿಗೆ ಅದೇ ಆಧಾರ. ಆದರೆ ಚಾರ್ಟರ್ಡ್ ಅಕೌಂಟೆಂಟ್ ಒಬ್ಬನು ಐನೂರು ರೂಪಾಯಿ ಕಳುಹಿಸಿದಾಗ ಊರಿಗೆ ಸಿಕ್ಕುವುದು ಐನೂರು ರೂಪಾಯಿ. ಅವನೇ ಊರಿನ ವಾಚನಾಲಯದ ಲೆಕ್ಕಪತ್ರವನ್ನು ವರ್ಷಕ್ಕೊಮ್ಮೆ ಸರಿಪಡಿಸಿದರೆ ಊರಿಗೆ ಸಿಕ್ಕುವುದು ಅವನ ವಿದ್ಯೆ. ಹೊರೆಕಾಣಿಕೆಯ ನ್ಯಾಯದಂತೆ, ಅವನ ಹಿತ್ತಿಲಲ್ಲಿ ಬೆಳೆದದ್ದು ಅದು.

ವೃತ್ತಿಯೊಳಗಿನ ಸೇವೆ

ಕನ್ನಡ ಐಚ್ಛಿಕದ ವಿದ್ಯಾರ್ಥಿಗಳಿಗೆ ಈ ವಿಚಾರ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರ ಚಿಂತನೆಯಲ್ಲಿ ಕಾಯಕ ಮತ್ತು ದಾಸೋಹ ಜೋಡಿಪದಗಳು. ದುಡಿಮೆ ಒಂದು ಕಡೆ, ದಾನ ಇನ್ನೊಂದು ಕಡೆ ಎಂಬ ವಿಭಜನೆಯನ್ನು ಅವರು ಒಪ್ಪಲಿಲ್ಲ. ಎಂಟು ಶತಮಾನಗಳ ಬಳಿಕ ಇದೇ ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈ (1915–2015) ತಮ್ಮ ಆತ್ಮಕಥನಕ್ಕೆ 'ದುಡಿತವೇ ನನ್ನ ದೇವರು' ಎಂದು ಹೆಸರಿಟ್ಟರು. ಕವಿ, ಸ್ವಾತಂತ್ರ್ಯ ಹೋರಾಟಗಾರ, ಪೆರಡಾಲದ ನವಜೀವನ ಪ್ರೌಢಶಾಲೆಯ ಅಧ್ಯಾಪಕ, ಕೃಷಿಕ, ಬದಿಯಡ್ಕ ಪಂಚಾಯತಿನ ಅಧ್ಯಕ್ಷ ಎಂಬ ಅವರ ಪಾತ್ರಗಳು ಒಂದಕ್ಕೊಂದು ಅಡ್ಡಿಯಾಗಲಿಲ್ಲ.

ವೃತ್ತಿಯೇ ಸೇವೆಯಾದುದಕ್ಕೆ ಈ ಜಿಲ್ಲೆಯ ಎಂಡೋಸಲ್ಫಾನ್ ದುರಂತವೂ ಸಾಕ್ಷಿ. ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಈ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ ಪರಿಸರದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನ್ ಕುಮಾರ್ ತಮ್ಮ ಬಳಿಗೆ ಬರುವ ರೋಗಿಗಳಲ್ಲಿ ಅಸಹಜ ಕಾಯಿಲೆಗಳು ಹೆಚ್ಚುತ್ತಿರುವುದನ್ನು ಗುರುತಿಸಿ ಹೊರಗಿನ ಲೋಕದ ಗಮನಕ್ಕೆ ತಂದರು. ಪತ್ರಕರ್ತ ಶ್ರೀ ಪಡ್ರೆ ಅದನ್ನು ಬರೆದು ತಿಳಿಸಿದರು. ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಎಂಡೋಸಲ್ಫಾನನ್ನು ತಡೆಹಿಡಿಯಿತು. ವೈದ್ಯನ ಕಣ್ಣು, ಪತ್ರಕರ್ತನ ಲೇಖನಿ, ಉದ್ಯೋಗಿಯ ಧೈರ್ಯ ಈ ಮೂರೂ ಅವರವರ ವೃತ್ತಿಜೀವನದಿಂದಲೇ ಒದಗಿಬಂದವು.

ಬದಿಯಡ್ಕ ಸಮೀಪದ ಕಿಳಿಂಗಾರಿನ ಕೃಷಿಕ ಸಾಯಿರಾಂ ಗೋಪಾಲಕೃಷ್ಣ ಭಟ್ಟರ ಮಾರ್ಗ ಇನ್ನೊಂದು ಬಗೆಯದು. ಕಾಶೀಯಾತ್ರೆಗೆಂದು ಕೂಡಿಟ್ಟ ಹಣವನ್ನು, ಮಳೆಗೆ ಮನೆ ಕಳೆದುಕೊಂಡ ಬಡವನೊಬ್ಬನಿಗೆ ಸೂರು ಕಟ್ಟಿಸಲು ಅವರು ವಿನಿಯೋಗಿಸಿದರು. 2022ರ ಜನವರಿಯಲ್ಲಿ ಅವರು ನಿಧನರಾಗುವ ಹೊತ್ತಿಗೆ, ಜಾತಿ ಮತ ನೋಡದೆ ಬಡವರಿಗಾಗಿ ಕಟ್ಟಿಸಿಕೊಟ್ಟ ಮನೆಗಳು 250ನ್ನು ಮೀರಿದ್ದವು. ಒಂದೇ ಮನೆಯಿಂದ ಆರಂಭಿಸಿ, ಬಿಡದೆ ಮುಂದುವರಿಸಿದುದರ ಫಲ ಅದು.

ವಾರದ ಎರಡು ಗಂಟೆ

ಉತ್ಸವದ ಹುರುಪನ್ನು ನಿರಂತರತೆಗೆ ಬದಲಾಯಿಸಿದ ಮಾದರಿಯೊಂದು ಕೇರಳದಲ್ಲಿಯೇ ಇದೆ. ಗುಣವಾಗದ ಕಾಯಿಲೆಯವರ ನೋವನ್ನು ತಗ್ಗಿಸುವ ಸಾಂತ್ವನದ ಚಿಕಿತ್ಸೆಗೆ, ಅಂದರೆ ಪಾಲಿಯೇಟಿವ್ ಆರೈಕೆಗೆ, 1993ರಲ್ಲಿ ಕೋಝಿಕ್ಕೋಡಿನಲ್ಲಿ ಸಂಘಟಿತ ರೂಪ ದೊರೆಯಿತು. ಈ ಶತಮಾನದ ಆರಂಭದ ಹೊತ್ತಿಗೆ ಮಲಪ್ಪುರಂ ಮುಂತಾದೆಡೆ ಅದು ನೆರೆಕರೆಯವರ ಜಾಲವಾಗಿ ಬೆಳೆಯಿತು. ಆ ಜಾಲದ ನಿಯಮ ಸರಳವಾದುದು: ವಾರಕ್ಕೆ ಕನಿಷ್ಠ ಎರಡು ಗಂಟೆ ಕೊಡಬಲ್ಲವರಿಗೆ 16 ಗಂಟೆಗಳ ತರಗತಿ, ನಾಲ್ಕು ದಿನಗಳ ಪ್ರತ್ಯಕ್ಷ ತರಬೇತಿ, ಅನಂತರ ಹತ್ತು ಹದಿನೈದು ಮಂದಿಯ ಗುಂಪಾಗಿ ತಮ್ಮ ಊರಿನ ರೋಗಿಗಳ ಹೊಣೆ. 2008ರಲ್ಲಿ ಕೇರಳ ಸರಕಾರ ಪಾಲಿಯೇಟಿವ್ ಆರೈಕೆಯ ನೀತಿಯನ್ನು ಪ್ರಕಟಿಸಿತು. ಇಂದು ಪಂಚಾಯತುಗಳ ಮೂಲಕ ದಾದಿಯರು ಹಾಸಿಗೆ ಹಿಡಿದವರ ಮನೆಗಳಿಗೆ ಭೇಟಿ ನೀಡುತ್ತಾರೆ.

ಈ ಮಾದರಿಯಲ್ಲಿ ಸುದರಿಕೆಯ ನಾಲ್ಕು ಗುಣಗಳೂ ಇವೆ: ನೆರೆಯವರ ಕರೆ, ಕೆಲಸದ ವಿಂಗಡಣೆ, ಅಳತೆಯ ಸಮಯ, ಅನುಭವಿಗಳ ಸಹವಾಸ. ಸ್ವಯಂಸೇವಕನು ಔಷಧ ಕೊಡುವವನಲ್ಲ. ಅವನು ಮಾತಾಡಿಸುತ್ತಾನೆ, ಮಗ್ಗುಲು ಬದಲಿಸಲು ಕೈ ಕೊಡುತ್ತಾನೆ, ಹಗಲಿರುಳು ಆರೈಕೆ ಮಾಡಿ ದಣಿದ ಮನೆಯವರಿಗೆ ಒಂದು ಗಂಟೆಯ ಬಿಡುವು ದೊರಕಿಸುತ್ತಾನೆ. ಶನಿವಾರ ಊರಿಗೆ ಬರುವ ಉದ್ಯೋಗಿಗೂ ಇದು ಸಾಧ್ಯ.

ಊರಿಗೆ ಬರಲಾಗದವರಿಗೂ ಕೆಲಸವಿದೆ. ಕಾಸರಗೋಡಿನ ಉತ್ತರ ಭಾಗದ ಜನರು ದೊಡ್ಡ ಚಿಕಿತ್ಸೆಗೆ ಬಹುಮಟ್ಟಿಗೆ ಮಂಗಳೂರನ್ನೇ ಅವಲಂಬಿಸಿದ್ದಾರೆ. 2020ರ ಮಾರ್ಚಿನಲ್ಲಿ ಕೊರೋನಾ ಕಾರಣದಿಂದ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಈ ಅವಲಂಬನೆಯ ಕಠೋರ ಮುಖ ಎಲ್ಲರಿಗೂ ಕಾಣಿಸಿತು. ಮಂಗಳೂರಿನಲ್ಲಿ ದುಡಿಯುವ ಮಧೂರಿನ ಯುವಜನರು ಆಸ್ಪತ್ರೆಯಲ್ಲಿರುವ ಊರವರಿಗೆ ಒಂದು ಹೊತ್ತಿನ ಜೊತೆಯಾಗಬಹುದು. ಸರದಿಯ ಪ್ರಕಾರ ರಕ್ತದಾನ ಮಾಡಬಹುದು. ಆರೋಗ್ಯವಂತ ಪುರುಷರು ಮೂರು ತಿಂಗಳಿಗೊಮ್ಮೆ, ಮಹಿಳೆಯರು ನಾಲ್ಕು ತಿಂಗಳಿಗೊಮ್ಮೆ ರಕ್ತ ನೀಡಬಹುದಾದುದರಿಂದ, ಹೆಸರುಗಳ ಪಟ್ಟಿಯೊಂದಿದ್ದರೆ ತುರ್ತಿನ ಓಡಾಟ ಕಡಿಮೆಯಾಗುತ್ತದೆ.

ಭಾಷೆಯೂ ಒಂದು ಹೊರೆಕಾಣಿಕೆ

ಕನ್ನಡ ಓದಿದವರು ಏನು ಕೊಡಬಲ್ಲರು ಎಂಬ ಪ್ರಶ್ನೆಗೆ ಗಡಿನಾಡಿನಲ್ಲಿ ಸ್ಪಷ್ಟ ಉತ್ತರವಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರ ಮನೆಗೆ ಮಲಯಾಳದ ಕಾಗದ ಬಂದಾಗ, ಅದು ಪಿಂಚಣಿಯ ಸೂಚನೆಯೋ ತೆರಿಗೆಯ ನೋಟೀಸೋ ಎಂಬುದನ್ನು ಇನ್ನೊಬ್ಬರು ಓದಿ ಹೇಳಬೇಕಾಗುತ್ತದೆ. 1969ರ ಕೇರಳದ ಅಧಿಕೃತ ಭಾಷಾ ಕಾಯಿದೆ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಲು ಅವಕಾಶ ನೀಡಿದೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ನೀಡುತ್ತದೆ. ಹಕ್ಕು ಕಾಗದದ ಮೇಲಿದ್ದರೆ ಸಾಲದು. ಆ ಅಹವಾಲನ್ನು ಸರಿಯಾದ ಕನ್ನಡದಲ್ಲಿ ಬರೆದುಕೊಡುವ ಕೈ ಬೇಕು.

ಮಲಯಾಳವನ್ನೂ ಬಲ್ಲ ಕನ್ನಡ ವಿದ್ಯಾರ್ಥಿ ಅಂತಹ ಕೈಯಾಗಬಲ್ಲನು. ವಾರಕ್ಕೊಮ್ಮೆ ವಾಚನಾಲಯದಲ್ಲಿ ಕುಳಿತು ಅರ್ಜಿ ಓದಿ ವಿವರಿಸುವುದು, ಅಕ್ಷಯ ಕೇಂದ್ರಕ್ಕೆ ಹಿರಿಯರ ಜೊತೆ ಹೋಗುವುದು, ಔಷಧ ಸೇವಿಸುವ ಕ್ರಮವನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸುವುದು, ತುಳು ಮಾತ್ರ ಆಡುವ ರೋಗಿಯ ನೋವನ್ನು ದಾದಿಗೆ ತಿಳಿಸುವುದು ಇವೆಲ್ಲ ಚಿಕ್ಕ ಕೆಲಸಗಳು. ಆದರೆ ಬೆಂಗಳೂರಿನ ದೊಡ್ಡ ಸಂಸ್ಥೆಯೊಂದು ಹಣ ತೆತ್ತರೂ ಸುಲಭವಾಗಿ ದೊರೆಯದ ಕೆಲಸಗಳು. ಇಲ್ಲಿ ಭಾಷಾಭಿಮಾನ ಘೋಷಣೆಯ ಮಟ್ಟದಿಂದ ಇಳಿದು ಉಪಯೋಗದ ಮಟ್ಟಕ್ಕೆ ಬರುತ್ತದೆ. ಕನ್ನಡವು ತನ್ನ ಹಿರಿಯರ ಕಷ್ಟಕ್ಕೆ ಒದಗದಿದ್ದರೆ ಗಡಿನಾಡಿನಲ್ಲಿ ಅದರ ಉಳಿವಿನ ಮಾತಿಗೆ ಬಲ ಬರುವುದು ಕಷ್ಟ.

ಅಳತೆಯ ಎಚ್ಚರ

ಸೇವೆಗೂ ಮರ್ಯಾದೆಯ ಮಿತಿಯಿದೆ. ರೋಗಿಯ ಹಾಸಿಗೆಯ ಪಕ್ಕ ನಿಂತು ಫೋಟೋ ತೆಗೆದು ಹಂಚುವುದು ನೆರವಿನ ಬೆಲೆಯನ್ನು ರೋಗಿಯಿಂದಲೇ ವಸೂಲು ಮಾಡಿದಂತೆ. ಸಂಗ್ರಹಿಸಿದ ಹಣದ ಲೆಕ್ಕವನ್ನು ಸಾರ್ವಜನಿಕವಾಗಿ ಒಪ್ಪಿಸಬೇಕು. ಮನೆಯೊಳಗೆ ಕೇಳಿದ ಮಾತು ಮನೆಯೊಳಗೇ ಉಳಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೊಟ್ಟ ಮಾತಿನ ಅಳತೆ ತಪ್ಪಬಾರದು. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಮಾರಯ್ಯನನ್ನು ಆಯ್ದಕ್ಕಿ ಲಕ್ಕಮ್ಮ ಹಿಂದಕ್ಕೆ ಕಳುಹಿಸಿದ ಪ್ರಸಂಗವನ್ನು ವಚನ ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು. ಅತಿಯಾದ ಸಂಗ್ರಹಕ್ಕೆ ಅವಳು ಹೇಳಿದ ಎಚ್ಚರ ಅತಿಯಾದ ಉತ್ಸಾಹಕ್ಕೂ ಸಲ್ಲುತ್ತದೆ. ಒಂದು ತಿಂಗಳು ದಿನಾಲೂ ಬಂದು ಆಮೇಲೆ ಮಾಯವಾಗುವವನಿಗಾಗಿ ವೃದ್ಧರು ಬಾಗಿಲು ನೋಡುತ್ತ ಕುಳಿತಿರುತ್ತಾರೆ. ಎರಡೇ ಗಂಟೆ ಎಂದು ಹೇಳಿ, ಪ್ರತಿವಾರವೂ ತಪ್ಪದೆ ಬರುವವನೇ ಅವರಿಗೆ ಆಸರೆ.

ಮೂಡಪ್ಪ ಸೇವೆಗೆ ಮತ್ತೆ ಕಾಲ ಕೂಡಿಬರಲು 33 ವರ್ಷ ಹಿಡಿಯಿತು. ಇಂದು ಮಗ್ಗುಲು ಬದಲಿಸಬೇಕಾದ ರೋಗಿ ಅಷ್ಟು ದಿನ ಕಾಯಲಾರನು. ಚಪ್ಪರ, ಉಗ್ರಾಣ, ಬಡಿಸುವಿಕೆಗಳಿಗೆ ಹೆಸರು ಬರೆದ ಪಟ್ಟಿಯಂತೆಯೇ ಆರೈಕೆ, ಅರ್ಜಿ, ಪಾಠ, ರಕ್ತದಾನಗಳಿಗೂ ಊರಿನಲ್ಲಿ ಪಟ್ಟಿಯೊಂದು ಸಿದ್ಧವಾದರೆ, ಕರೆದಾಗ ಬರುವ ಕೈಗಳು ಮಧೂರಿನಲ್ಲಿ ಈಗಾಗಲೇ ಇವೆ.

ಅಧ್ಯಯನಕ್ಕೆ ಪ್ರಶ್ನೆಗಳು

1. ಸುದರಿಕೆ, ಹೊರೆಕಾಣಿಕೆ, ಶ್ರಮದಾನ, ದಾಸೋಹ ಈ ಪದಗಳ ಅರ್ಥವ್ಯತ್ಯಾಸಗಳನ್ನು ಬಳಕೆಯ ಉದಾಹರಣೆಗಳೊಂದಿಗೆ ವಿವರಿಸಿರಿ.
2. ಕಾಯಕ ಮತ್ತು ದಾಸೋಹಗಳ ಸಂಬಂಧವನ್ನು ಇಂದಿನ ಒಂದು ವೃತ್ತಿಗೆ ಅನ್ವಯಿಸಿ ಪ್ರಬಂಧ ಬರೆಯಿರಿ.
3. ನಿಮ್ಮ ಊರಿನ ಹಿರಿಯರಿಂದ ಪರಸ್ಪರ ನೆರವನ್ನು ಸೂಚಿಸುವ ಕನ್ನಡ, ತುಳು ಪದಗಳನ್ನು ಸಂಗ್ರಹಿಸಿರಿ.
4. ಪಂಚಾಯತಿಗೆ ಸಲ್ಲಿಸುವ ಒಂದು ಅಹವಾಲನ್ನು, ಶಾಲೆ ಬಿಟ್ಟು ಬಹುಕಾಲವಾದ ಹಿರಿಯರಿಗೂ ಅರ್ಥವಾಗುವ ಕನ್ನಡದಲ್ಲಿ ರಚಿಸಿರಿ.